ಖಜಾನೆಯನ್ನು ತಲುಪದ ತೆರಿಗೆ

ಸಾರ್ವಜನಿಕ ಹಣದಿಂದ ಕಟ್ಟಿದ ಕ್ರೀಡಾಂಗಣ ಪಾಳುಬಿದ್ದರೆ ಅದು ಸುದ್ದಿಯಾಗುತ್ತದೆ. ಲೆಕ್ಕಪರಿಶೋಧಕರು ಆಕ್ಷೇಪ ಎತ್ತುತ್ತಾರೆ, ವಿರೋಧ ಪಕ್ಷದವರು ಸದನದಲ್ಲಿ ಪ್ರಶ್ನೆ ಕೇಳುತ್ತಾರೆ. ಆದರೆ ತುಂಬಿ ತುಳುಕುವ ಕ್ರೀಡಾಂಗಣದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಜನ ಬರುತ್ತಿದ್ದಾರೆ ಎಂಬುದೇ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿಬಿಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಆಲೆನ್‌ಟೌನ್ ನಗರದಲ್ಲಿರುವ ‘ಪಿಪಿಎಲ್ ಸೆಂಟರ್’ ಎಂಬ ಒಳಾಂಗಣ ಕ್ರೀಡಾಂಗಣ ಈ ಎರಡನೆಯ ಬಗೆಯದು. ಮೂರು ದಶಕಗಳ ಕಾಲ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಅಲ್ಲಿನ ಆಟಕ್ಕಿಂತ ಅದರ ಹಿಂದಿನ ಹಣಕಾಸು ವ್ಯವಸ್ಥೆಯೇ ಹೆಚ್ಚು ಕುತೂಹಲಕಾರಿಯಾಗಿ ಕಂಡಿತು.

ಆಲೆನ್‌ಟೌನ್ ಹೆಸರನ್ನು ನಮ್ಮಲ್ಲಿ ಕೆಲವರಾದರೂ ಬಿಲ್ಲಿ ಜೋಯಲ್ ಅವರ 1982ರ ಹಾಡಿನ ಮೂಲಕ ಕೇಳಿರಬಹುದು. ಕಾರ್ಖಾನೆಗಳು ಮುಚ್ಚುತ್ತಿದ್ದ ಕಾಲದ ದುಡಿಯುವ ಜನರ ಹಾಡು ಅದು. ಹಾಡು ಹುಟ್ಟಿದ ಅನಂತರವೂ ಸಂಕಟ ನಿಲ್ಲಲಿಲ್ಲ. ನೆರೆಯ ಬೆತ್ಲೆಹೆಮ್‌ನ ಉಕ್ಕಿನ ಕಾರ್ಖಾನೆಯಲ್ಲಿ 1995ರಲ್ಲಿ ಉಕ್ಕು ತಯಾರಿಕೆ ನಿಂತಿತು. ಮರುವರ್ಷ ಆಲೆನ್‌ಟೌನ್ ಪೇಟೆಯ ಹೆಮ್ಮೆಯಾಗಿದ್ದ ಹೆಸ್ಸ್ ಎಂಬ ಬೃಹತ್ ಮಳಿಗೆ ಬಾಗಿಲು ಹಾಕಿತು. ಟ್ರಕ್ಕುಗಳಿಗೆ ಹೆಸರಾದ ಮ್ಯಾಕ್ ಕಂಪನಿ 2009ರಲ್ಲಿ ತನ್ನ ಮುಖ್ಯ ಕಚೇರಿಯನ್ನು ನಾರ್ತ್ ಕೆರೊಲಿನಾಕ್ಕೆ ಕೊಂಡೊಯ್ದಿತು. ಅನುಕೂಲಸ್ಥರು ಹೊರವಲಯದ ಬಡಾವಣೆಗಳಿಗೆ, ವ್ಯಾಪಾರ ವೈಟ್‌ಹಾಲ್‌ನ ಮಾಲ್‌ಗೆ ಸರಿದುಹೋದವು. ಖಾಲಿಯಾದ ಮನೆಗಳಿಗೆ ಬಂದು ನೆಲೆಸಿದವರು ಹೆಚ್ಚಾಗಿ ಸ್ಪ್ಯಾನಿಷ್ ಮಾತನಾಡುವ ವಲಸಿಗರು. 2020ರ ಜನಗಣತಿಯ ಪ್ರಕಾರ ಸುಮಾರು 1.26 ಲಕ್ಷ ಜನಸಂಖ್ಯೆಯ ಆ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ.

ಇಂಥ ಊರಿನ ನಡುಪೇಟೆಯಲ್ಲಿ, ಹ್ಯಾಮಿಲ್ಟನ್ ಬೀದಿಯೂ ಏಳನೆಯ ಬೀದಿಯೂ ಕೂಡುವಲ್ಲಿ, ಹಳೆಯ ಅಂಗಡಿ ಕಟ್ಟಡಗಳನ್ನು ಕೆಡವಿ ಸುಮಾರು 17.7 ಕೋಟಿ ಡಾಲರ್ ವೆಚ್ಚದಲ್ಲಿ ಅರೀನಾ ಕಟ್ಟಲಾಯಿತು. 2014ರ ಸೆಪ್ಟೆಂಬರಿನಲ್ಲಿ ಈಗಲ್ಸ್ ವಾದ್ಯವೃಂದದ ಸಂಗೀತ ಕಛೇರಿಯೊಂದಿಗೆ ಅದು ಆರಂಭವಾಯಿತು. ಅಲ್ಲಿನ ಖಾಯಂ ಬಿಡಾರ ಲೀಹೈ ವ್ಯಾಲಿ ಫ್ಯಾಂಟಮ್ಸ್ ಎಂಬ ಐಸ್ ಹಾಕಿ ತಂಡದ್ದು. ಇದು ಅಮೆರಿಕನ್ ಹಾಕಿ ಲೀಗಿಗೆ ಸೇರಿದ್ದು. ಮೇಲ್ದರ್ಜೆಯ ರಾಷ್ಟ್ರೀಯ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ತಂಡಗಳು ತಮ್ಮ ಎಳೆಯ ಆಟಗಾರರನ್ನು ಪಳಗಿಸಲು ಇಟ್ಟುಕೊಂಡಿರುವ ಎರಡನೆಯ ಹಂತದ ಲೀಗ್ ಅದು. ಫ್ಯಾಂಟಮ್ಸ್‌ನ ಮಾತೃತಂಡ ಫಿಲಡೆಲ್ಫಿಯಾ ಫ್ಲೈಯರ್ಸ್. ನಮ್ಮ ಆಡಳಿತ ಸೇವೆಯ ಭಾಷೆಯಲ್ಲಿ ಹೇಳುವುದಾದರೆ ಇವರೆಲ್ಲ ಪ್ರೊಬೇಷನರಿಗಳು. ಚೆನ್ನಾಗಿ ಆಡಿದವನಿಗೆ ಫಿಲಡೆಲ್ಫಿಯಾದಿಂದ ಕರೆ ಬರುತ್ತದೆ, ಮರುದಿನದ ಪಂದ್ಯಕ್ಕೆ ಆತ ಈ ಊರಿನಲ್ಲಿ ಇರುವುದಿಲ್ಲ.

ಆ ಕಣಿವೆಯಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಚಳಿಗಾಲದ ಶನಿವಾರ ನಾನೂ ಪಂದ್ಯ ನೋಡಿದೆ. ಎಂಟು ಸಾವಿರಕ್ಕೂ ಮಿಕ್ಕಿ ಆಸನಗಳಿರುವ ಕಟ್ಟಡ ಬಹುತೇಕ ತುಂಬಿತ್ತು. ಅಜ್ಜ, ಮಗ, ಮೊಮ್ಮಗ ಹೀಗೆ ಮೂರು ತಲೆಮಾರು ಒಂದೇ ಸಾಲಿನಲ್ಲಿ ಕುಳಿತ ಕುಟುಂಬಗಳು ಕಂಡವು. ನಮ್ಮ ಊರಹಬ್ಬದ ಕಳೆ ಇತ್ತು ಎಂದರೆ ತಪ್ಪಾಗದು. ಈ ಲೀಗಿನಲ್ಲಿ ಒಂದು ಸೊಗಸಾದ ರೂಢಿಯಿದೆ: ವರ್ಷಕ್ಕೊಂದು ದಿನ, ತವರು ತಂಡ ಮೊದಲ ಗೋಲು ಹೊಡೆದೊಡನೆ ಪ್ರೇಕ್ಷಕರು ತಾವು ತಂದ ಬಟ್ಟೆಯ ಗೊಂಬೆಗಳನ್ನು ಮಂಜುಗಡ್ಡೆಯ ಮೇಲೆ ಎಸೆಯುತ್ತಾರೆ. ಅವನ್ನು ಒಟ್ಟುಮಾಡಿ ಬಡಮಕ್ಕಳಿಗೆ ಕೊಡಲಾಗುತ್ತದೆ. ಅದೇ ರಾಜ್ಯದ ಹರ್ಷಿ ಎಂಬಲ್ಲಿ 2025ರ ಜನವರಿಯಲ್ಲಿ ಹೀಗೆ ಒಂದು ಲಕ್ಷಕ್ಕೂ ಮಿಕ್ಕಿದ ಗೊಂಬೆಗಳು ಬಿದ್ದವು. ಇಂಥದ್ದನ್ನು ಕೇವಲ ಲಾಭನಷ್ಟದಲ್ಲಿ ಅಳೆಯಲಾಗದು ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದಿನ ಮಾತು ಹೇಳುತ್ತಿದ್ದೇನೆ.

ಅರೀನಾಕ್ಕೆ ಹಣ ಬಂದದ್ದು ಎಲ್ಲಿಂದ? ‘ನಗರದ ತೆರಿಗೆದಾರರ ಮೇಲೆ ಹೊರೆ ಹಾಕದೆ, ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳುವ ಯೋಜನೆ’ ಎಂಬುದು ಬೆಂಬಲಿಗರ ವಾದ. ಈ ಮಾತಿನ ಮೊದಲ ಅರ್ಧ ಸರಿ, ಎರಡನೆಯ ಅರ್ಧವನ್ನು ಪರಿಶೀಲಿಸಬೇಕು. ಪೆನ್ಸಿಲ್ವೇನಿಯಾದ ಶಾಸನಸಭೆ 2009ರಲ್ಲಿ ‘ನೆರೆಹೊರೆ ಸುಧಾರಣಾ ವಲಯ’ ಎಂಬ ಹೊಸ ವ್ಯವಸ್ಥೆಗೆ ಕಾನೂನಿನ ರೂಪ ಕೊಟ್ಟಿತು. ಆ ಭಾಗವನ್ನು ಪ್ರತಿನಿಧಿಸುತ್ತಿದ್ದ ಸೆನೆಟರ್ ಪ್ಯಾಟ್ ಬ್ರೌನ್ ಇದರ ಕರ್ತೃ. ಯಾವ ನಗರಕ್ಕೆ ಅನ್ವಯವಾಗಬೇಕು ಎಂಬ ಷರತ್ತುಗಳನ್ನು ಎಷ್ಟು ಬಿಗಿಯಾಗಿ ಬರೆಯಲಾಗಿತ್ತೆಂದರೆ, ಇಡೀ ರಾಜ್ಯದಲ್ಲಿ ಆಲೆನ್‌ಟೌನ್ ಹೊರತು ಬೇರಾವ ಊರೂ ಅದರೊಳಗೆ ಹಿಡಿಸುತ್ತಿರಲಿಲ್ಲ. ಊರಿನ ಹೆಸರು ಹೇಳದೆ ಒಂದೇ ಊರಿಗೆ ಕಾನೂನು ಮಾಡುವ ಕಲೆ ನಮ್ಮಲ್ಲೂ ಅಪರಿಚಿತವಲ್ಲ!

ಸುಮಾರು 128 ಎಕರೆ ವಿಸ್ತಾರದ ಈ ವಲಯದೊಳಗಿನ ವ್ಯವಹಾರಗಳಿಂದ ಹುಟ್ಟುವ ರಾಜ್ಯದ ತೆರಿಗೆಗಳು, ಅಂದರೆ ಮಾರಾಟ ತೆರಿಗೆ, ಕಂಪನಿಗಳ ಆದಾಯ ತೆರಿಗೆ, ನೌಕರರ ಸಂಬಳದ ಮೇಲಿನ ತೆರಿಗೆ ಇತ್ಯಾದಿಗಳು ಬೇರೆ ಊರುಗಳ ತೆರಿಗೆಯಂತೆ ರಾಜ್ಯದ ಬೊಕ್ಕಸದಲ್ಲಿ ಉಳಿಯುವುದಿಲ್ಲ. ಅರೀನಾದ ಸಾಲವನ್ನೂ, ಅದರ ಸುತ್ತ ಖಾಸಗಿ ಉದ್ಯಮಿಗಳು ಕಟ್ಟಿದ ಕಚೇರಿ, ಹೋಟೆಲು, ವಸತಿ ಕಟ್ಟಡಗಳ ಸಾಲವನ್ನೂ ತೀರಿಸಲು ಅವು ಬಳಕೆಯಾಗುತ್ತವೆ. ಅವಧಿ ಮೂವತ್ತು ವರ್ಷ. ಆಸ್ತಿ ತೆರಿಗೆಯೊಂದನ್ನು ಮಾತ್ರ ಇದರಿಂದ ಹೊರಗಿಡಲಾಗಿದೆ. ಬೇರೆಡೆ ಇಂಥ ಯೋಜನೆಗಳಲ್ಲಿ ಒಂದು ಆಧಾರವರ್ಷವನ್ನು ಗೊತ್ತುಮಾಡಿ, ಅದಕ್ಕಿಂತ ಹೆಚ್ಚಾದ ತೆರಿಗೆಯನ್ನಷ್ಟೇ ಬಿಟ್ಟುಕೊಡುವುದು ಸಾಮಾನ್ಯ. ಇಲ್ಲಿನ ಔದಾರ್ಯ ಅದಕ್ಕಿಂತ ದೊಡ್ಡದು. ಮೊದಲಿನಿಂದ ಅಲ್ಲೇ ಇದ್ದ ಸಂಸ್ಥೆಗಳ ತೆರಿಗೆಗೂ ಇದು ಅನ್ವಯಿಸುತ್ತದೆ.

‘ತನ್ನ ಸಾಲವನ್ನು ತಾನೇ ತೀರಿಸುವುದು’ ಎಂದರೆ ಇದು. ಆದರೆ ಈ ತೆರಿಗೆ ಅರೀನಾ ಬರದಿದ್ದರೆ ಹುಟ್ಟುತ್ತಲೇ ಇರಲಿಲ್ಲವೆ? ಅರ್ಥಶಾಸ್ತ್ರದ ಪ್ರಾಥಮಿಕ ವಿದ್ಯಾರ್ಥಿಯೂ ಕೇಳಬೇಕಾದ ಪ್ರಶ್ನೆ ಇದು. ಒಂದು ಕುಟುಂಬ ತಿಂಗಳಿಗೆ ಮನರಂಜನೆಗೆಂದು ತೆಗೆದಿಡುವ ಹಣ ಹೆಚ್ಚುಕಡಿಮೆ ನಿಗದಿತವಾದದ್ದು. ಶನಿವಾರ ಹಾಕಿ ನೋಡಿ ಹ್ಯಾಮಿಲ್ಟನ್ ಬೀದಿಯಲ್ಲಿ ಊಟ ಮಾಡಿದವರು ಆ ವಾರ ವೈಟ್‌ಹಾಲ್‌ನಲ್ಲಿ ಸಿನಿಮಾ ನೋಡಿ ಊಟ ಮಾಡುವುದಿಲ್ಲ. ಎರಡೂ ಕಡೆ ಮಾರಾಟ ತೆರಿಗೆ ಇದ್ದೇ ಇದೆ. ವೈಟ್‌ಹಾಲ್‌ನಲ್ಲಿ ಕೊಟ್ಟ ತೆರಿಗೆ ರಾಜಧಾನಿ ಹ್ಯಾರಿಸ್‌ಬರ್ಗ್‌ನ ಖಜಾನೆಗೆ ಹೋಗುತ್ತಿತ್ತು, ಹ್ಯಾಮಿಲ್ಟನ್ ಬೀದಿಯಲ್ಲಿ ಕೊಟ್ಟದ್ದು ಕಟ್ಟಡದ ಸಾಲಕ್ಕೆ ಹೋಗುತ್ತದೆ. ಊಟ ಒಂದೇ, ತೆರಿಗೆ ಒಂದೇ. ಖಜಾನೆಗೆ ಮಾತ್ರ ಖೋತಾ.

ಕಚೇರಿಗಳ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟ. ತೆರಿಗೆಯೇ ಸಾಲ ತೀರಿಸುವುದರಿಂದ ಕಟ್ಟಡದ ಮಾಲೀಕರು ಬಾಡಿಗೆಯನ್ನು ಕಡಿಮೆ ಇಡಬಲ್ಲರು. ಬಾಡಿಗೆ ಕಡಿಮೆಯಾದಲ್ಲಿಗೆ ಕಂಪನಿಗಳು ಸರಿಯುತ್ತವೆ. ನ್ಯಾಷನಲ್ ಪೆನ್ ಎಂಬ ಬ್ಯಾಂಕು ತನ್ನ ಮುಖ್ಯ ಕಚೇರಿಯನ್ನು ಬಾಯರ್‌ಟೌನ್ ಎಂಬ ಪುಟ್ಟ ಊರಿನಿಂದ ಈ ವಲಯಕ್ಕೆ 2014ರಲ್ಲಿ ತಂದಿತು. ಆಲೆನ್‌ಟೌನ್‌ಗೆ ಅದೊಂದು ಗೆಲುವು. ಬಾಯರ್‌ಟೌನ್‌ಗೆ? ಅಲ್ಲಿ ದುಡಿಯುತ್ತಿದ್ದಾಗ ರಾಜ್ಯದ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಸಲ್ಲುತ್ತಿದ್ದ ಅದೇ ನೌಕರರ ಸಂಬಳದ ತೆರಿಗೆ ಈಗ ಬೇರೊಂದು ಕಟ್ಟಡದ ಕಂತು ಕಟ್ಟತೊಡಗಿತು. ಎರಡೇ ವರ್ಷಗಳಲ್ಲಿ, 2016ರಲ್ಲಿ, ಆ ಬ್ಯಾಂಕನ್ನೇ ಇನ್ನೊಂದು ದೊಡ್ಡ ಬ್ಯಾಂಕು ಕೊಂಡುಕೊಂಡಿತು. ಮುಖ್ಯ ಕಚೇರಿ ಎಂಬ ಪದಕ್ಕೇ ಅಲ್ಲಿ ಅರ್ಥವುಳಿಯಲಿಲ್ಲ.

ಹಾಕಿ ತಂಡದ ಕತೆಯೂ ಹೀಗೆಯೇ. ಫ್ಯಾಂಟಮ್ಸ್ ಆಲೆನ್‌ಟೌನ್‌ನಲ್ಲಿ ಹುಟ್ಟಿದ್ದಲ್ಲ. 1996ರಿಂದ ಫಿಲಡೆಲ್ಫಿಯಾದ ಸ್ಪೆಕ್ಟ್ರಮ್ ಎಂಬ ಅರೀನಾದಲ್ಲಿ ಆಡುತ್ತಿತ್ತು. 2009ರಲ್ಲಿ ಅದು ಮುಚ್ಚಿದಾಗ ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಪಟ್ಟಣಕ್ಕೆ ಹೋಯಿತು. ಆಲೆನ್‌ಟೌನ್‌ನ ಕಟ್ಟಡ ಸಿದ್ಧವಾಗುವವರೆಗೆ, ಅಂದರೆ ಐದು ಋತುಗಳ ಕಾಲ, ಅಲ್ಲಿ ತಂಗಿತ್ತು. ಗ್ಲೆನ್ಸ್ ಫಾಲ್ಸ್‌ನ ಅರೀನಾ 1979ರದು. ಅದನ್ನು ಉಳಿಸಿಕೊಳ್ಳಲು ಕೊನೆಗೆ ಊರಿನವರೇ ಒಕ್ಕೂಟ ಕಟ್ಟಿಕೊಂಡು ನಿರ್ವಹಣೆ ವಹಿಸಿಕೊಳ್ಳಬೇಕಾಯಿತು. ಇನ್ನೂ ಕೆಳಗಿನ ಲೀಗಿನ ತಂಡವೊಂದು ಈಗ ಅಲ್ಲಿ ಆಡುತ್ತಿದೆ. ಮ್ಯಾಸಚೂಸೆಟ್ಸ್‌ನ ವೂಸ್ಟರ್ ನಗರವಂತೂ ಈ ಎರಡನೆಯ ಹಂತದ ಲೀಗಿನ ತಂಡವನ್ನು ಹತ್ತು ವರ್ಷಗಳ ಅಂತರದಲ್ಲಿ, 2005 ಮತ್ತು 2015ರಲ್ಲಿ, ಎರಡು ಬಾರಿ ಕಳೆದುಕೊಂಡಿತು. ದೇಶದಲ್ಲಿರುವ ತಂಡಗಳ ಸಂಖ್ಯೆ ಸೀಮಿತ, ಅವನ್ನು ಬಯಸುವ ಊರುಗಳು ಹಲವು. ಸಂಗೀತ ಚೇರಿನ ಆಟದಂತೆ ಒಂದು ಊರು ಕುಳಿತುಕೊಂಡರೆ ಇನ್ನೊಂದು ಎದ್ದು ನಿಲ್ಲಲೇಬೇಕು.

ಇದು ನನ್ನೊಬ್ಬನ ಸಂಶಯವಲ್ಲ. ರೋಜರ್ ನೋಲ್ ಮತ್ತು ಆಂಡ್ರ್ಯೂ ಝಿಂಬಲಿಸ್ಟ್ ಸಂಪಾದಿಸಿದ, ಬ್ರೂಕಿಂಗ್ಸ್ ಸಂಸ್ಥೆ 1997ರಲ್ಲಿ ಪ್ರಕಟಿಸಿದ ಅಧ್ಯಯನಗಳ ಸಂಪುಟ ಕ್ರೀಡಾಂಗಣಗಳ ಆರ್ಥಿಕ ಲಾಭದ ಲೆಕ್ಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವು ಪ್ರಚಾರಕ್ಕೆ ತಕ್ಕಂತೆ ಫಲ ಕೊಟ್ಟಿಲ್ಲವೆಂದು ತೋರಿಸಿತು. ಆ ಬಳಿಕ ಬಂದ ಸಂಶೋಧನೆಗಳೂ ಬಹುಮಟ್ಟಿಗೆ ಅದೇ ದಿಕ್ಕಿನಲ್ಲಿವೆ. ಅರ್ಥಶಾಸ್ತ್ರಜ್ಞರು ಇಷ್ಟು ಒಮ್ಮತದಿಂದ ಮಾತನಾಡುವ ವಿಷಯಗಳು ಅಪರೂಪ. ಅದಕ್ಕಿಂತ ಅಪರೂಪ ಅವರ ಮಾತನ್ನು ಇಷ್ಟು ಒಮ್ಮತದಿಂದ ಕಡೆಗಣಿಸಿರುವ ಆಡಳಿತಗಳು.

ಅರೀನಾದ ದೈನಂದಿನ ಬದುಕನ್ನೂ ಸ್ವಲ್ಪ ನೋಡಬೇಕು. ಲೀಗಿನ 72 ಪಂದ್ಯಗಳಲ್ಲಿ ತವರಿನಲ್ಲಿ ನಡೆಯುವುದು 36. ವರ್ಷದ ದಿನಗಳ ಹತ್ತರಲ್ಲೊಂದು ಭಾಗಕ್ಕೂ ಇದು ಕಡಿಮೆ. ಉಳಿದ ದಿನಗಳನ್ನು ತುಂಬಲು ಸಂಗೀತ ಕಛೇರಿ, ಕುಸ್ತಿ, ಮಕ್ಕಳ ಪ್ರದರ್ಶನ, ಪದವಿ ಪ್ರದಾನ ಸಮಾರಂಭಗಳು ಬೇಕು. ಮಂಜುಗಡ್ಡೆಯನ್ನು ಪ್ರತಿಬಾರಿ ಕರಗಿಸುವುದಿಲ್ಲ, ಅದರ ಮೇಲೆ ಶಾಖ ತಡೆಯುವ ಹಲಗೆಗಳನ್ನು ಹಾಸಿ, ರಾತ್ರೋರಾತ್ರಿ ವೇದಿಕೆ ನಿಲ್ಲಿಸುತ್ತಾರೆ. ಮರುದಿನ ಹಲಗೆ ತೆಗೆದರೆ ಮತ್ತೆ ಹಾಕಿ. ಈ ಕೆಲಸದ ಅಚ್ಚುಕಟ್ಟನ್ನು ಮೆಚ್ಚಲೇಬೇಕು. ಆದರೆ ಸಂಗೀತ ಕಛೇರಿಯ ಟಿಕೆಟ್ ಹಣದ ಸಿಂಹಪಾಲು ಕಲಾವಿದರಿಗೂ ಪ್ರವರ್ತಕರಿಗೂ ಸೇರಿ ಅದೇ ರಾತ್ರಿ ಊರುಬಿಡುತ್ತದೆ. ಕಟ್ಟಡಕ್ಕೆ ಆಸರೆಯಾಗುವುದು ಬಿಯರು, ಪಾಪ್‌ಕಾರ್ನ್, ವಾಹನ ನಿಲುಗಡೆ, ಜಾಹೀರಾತು ಫಲಕಗಳ ಆದಾಯ. ಕಟ್ಟಡದ ಹೆಸರು ಕೂಡ ಮಾರಾಟದ ಸರಕೇ: ಪಿಪಿಎಲ್ ಎಂಬುದು ಅಲ್ಲಿನ ವಿದ್ಯುತ್ ಕಂಪನಿ.

ಈ ನಡುವೆ ಅಮೆರಿಕದ ಒಕ್ಕೂಟ ಸರ್ಕಾರ ಸುಮ್ಮನಿರಲಿಲ್ಲ. ಊರುಗಳು ತೆರಿಗೆ ವಿನಾಯಿತಿಯ ಬಾಂಡುಗಳ ಮೂಲಕ ಕ್ರೀಡಾಂಗಣ ಕಟ್ಟುವುದನ್ನು ತಡೆಯಲೆಂದೇ 1986ರ ತೆರಿಗೆ ಸುಧಾರಣಾ ಕಾಯ್ದೆಯಲ್ಲಿ ಒಂದು ನಿರ್ಬಂಧ ತಂದಿತು. ಖಾಸಗಿ ತಂಡ ಬಳಸುವ ಕಟ್ಟಡವಾದರೆ, ಸಾಲದ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಆ ಕಟ್ಟಡದ ಆದಾಯದಿಂದ ತೀರಿಸಿದಲ್ಲಿ ವಿನಾಯಿತಿ ಹೋಗುತ್ತದೆ. ಊರುಗಳು ಇನ್ನು ಹಿಂಜರಿಯುತ್ತವೆ ಎಂಬುದು ನಿರೀಕ್ಷೆ. ಆದದ್ದು ತದ್ವಿರುದ್ಧ. ವಿನಾಯಿತಿ ಉಳಿಸಿಕೊಳ್ಳಲು ಊರುಗಳು ತಂಡಗಳಿಂದ ಬಾಡಿಗೆ ಕಡಿಮೆ ಪಡೆದು, ಸಾಲವನ್ನು ಸಾಮಾನ್ಯ ತೆರಿಗೆಗಳಿಂದ ತೀರಿಸತೊಡಗಿದವು. ಸಹಾಯಧನ ತಡೆಯಲು ಬರೆದ ಕಾನೂನು ಸಹಾಯಧನವನ್ನು ಹೆಚ್ಚಿಸಿತು. ನಿಯಮ ಬರೆಯುವ ಮೇಜಿನ ಹಿಂದೆ ಕುಳಿತವರೆಲ್ಲರೂ ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಆಲೆನ್‌ಟೌನ್‌ಗೆ ಮರಳುವುದಾದರೆ, ಅಲ್ಲಿನ ಇತಿಹಾಸದಲ್ಲಿ ನನಗೆ ಬಹಳ ಅರ್ಥಪೂರ್ಣವಾಗಿ ಕಂಡ ಘಟನೆ 2012ರದು. ವಲಯದ ಮೂಲ ನಿಯಮದಂತೆ ಅಲ್ಲಿಗೆ ಕೆಲಸಕ್ಕೆ ಬರುವ ಹೊರ ಊರಿನವರ ಸ್ಥಳೀಯ ಸಂಬಳ ತೆರಿಗೆಯೂ ಅರೀನಾದ ಲೆಕ್ಕಕ್ಕೆ ಸೇರುತ್ತಿತ್ತು. ಈ ತೆರಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಅವರು ವಾಸಿಸುವ ಸುತ್ತಲಿನ ಟೌನ್‌ಶಿಪ್‌ಗಳಿಗೆ. ತಮ್ಮ ಮುಂಗಡಪತ್ರದಲ್ಲಿ ತೂತು ಕಾಣಿಸಿದೊಡನೆ ಆ ಪುಟ್ಟ ಆಡಳಿತಗಳು ನ್ಯಾಯಾಲಯಕ್ಕೆ ಹೋದವು. ಗದ್ದಲ ಎಷ್ಟಾಯಿತೆಂದರೆ ಶಾಸನಸಭೆ ಕಾನೂನನ್ನೇ ತಿದ್ದಿ ಆ ಹಣವನ್ನು ಬಿಟ್ಟುಕೊಟ್ಟಿತು. ರಾಜ್ಯದ ಪಾಲಿನ ತೆರಿಗೆಯ ಪರವಾಗಿ ಮಾತ್ರ ಅಂಥ ಹೋರಾಟ ನಡೆಯಲಿಲ್ಲ. ಒಂದೇಕಾಲು ಕೋಟಿಗೂ ಮಿಕ್ಕಿದ ಜನರ ನಡುವೆ ಹಂಚಿಹೋದ ನಷ್ಟ ಯಾರ ಜೇಬಿನಲ್ಲೂ ಭಾರವೆನಿಸುವುದಿಲ್ಲ. ಲಾಭ ಮಾತ್ರ 128 ಎಕರೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಮ್ಯಾನ್ಕರ್ ಓಲ್ಸನ್ 1965ರಲ್ಲಿ ವಿವರಿಸಿದ ಸಾಮೂಹಿಕ ಕ್ರಿಯೆಯ ತರ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆ ರಾಜ್ಯದ ಬೊಕ್ಕಸಕ್ಕೆ ಹಣದ ಅಗತ್ಯವೇನೂ ಕಡಿಮೆಯಿರಲಿಲ್ಲ. ಬಡ ಜಿಲ್ಲೆಗಳ ಶಾಲೆಗಳಿಗೆ ಸಾಕಷ್ಟು ಹಣ ಒದಗಿಸದ ಪೆನ್ಸಿಲ್ವೇನಿಯಾದ ಶಾಲಾ ಅನುದಾನ ವ್ಯವಸ್ಥೆ ಸಂವಿಧಾನಬಾಹಿರವೆಂದು ಅಲ್ಲಿನ ಕಾಮನ್‌ವೆಲ್ತ್ ನ್ಯಾಯಾಲಯ 2023ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಒಂದು ಅರೀನಾದಿಂದಲೇ ಶಾಲೆಗಳು ಬಡವಾದವು ಎಂದು ನಾನು ಹೇಳುತ್ತಿಲ್ಲ, ಮೊತ್ತಗಳು ಹೋಲಿಕೆಗೇ ಬಾರದಷ್ಟು ಬೇರೆ. ನನ್ನ ಆಕ್ಷೇಪ ಕ್ರಮದ ಬಗ್ಗೆ. ಶಾಲೆಗಳಿಗೆ ಬೇಕಾದ ಹಣ ಪ್ರತಿವರ್ಷ ಶಾಸನಸಭೆಯ ಮುಂದೆ ನಿಂತು ವಾದಿಸಿ ಪಡೆಯಬೇಕಾದದ್ದು. ಅರೀನಾದ ಹಣ ಮೂವತ್ತು ವರ್ಷಗಳ ಕಾಲ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಯಾವುದು ಮೊದಲು ಎಂದು ಪ್ರತಿನಿಧಿಗಳು ಹೇಳಬೇಕಾದ ಸಂದರ್ಭವೇ ಬರುವುದಿಲ್ಲ.

ನಮ್ಮ ಸಂವಿಧಾನದ 266ನೆಯ ವಿಧಿ ಈ ದೃಷ್ಟಿಯಿಂದ ಎಷ್ಟು ದೂರದರ್ಶಿತ್ವದ್ದು ಎಂಬುದು ಇಂಥ ಸಂದರ್ಭದಲ್ಲಿ ಅರಿವಾಗುತ್ತದೆ. ಬಂದ ರಾಜಸ್ವವೆಲ್ಲ ಸಂಚಿತ ನಿಧಿಗೆ ಸೇರಬೇಕು, ಶಾಸಕಾಂಗದ ಕಾನೂನಿಲ್ಲದೆ ಅದರಿಂದ ಹಣ ಹೊರಹೋಗಕೂಡದು. ನೌಕರಿಯಲ್ಲಿದ್ದಾಗ ಧನವಿನಿಯೋಗದ ವಿಧಿವಿಧಾನಗಳು ಕಿರಿಕಿರಿ ಎಂದು ಗೊಣಗದ ಅಧಿಕಾರಿ ಇಲ್ಲ. ಆದರೆ ಆ ಕಿರಿಕಿರಿಯೇ ಪ್ರಜೆಯ ರಕ್ಷಣೆ. ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲೂ ನಿಗಮ, ಪ್ರಾಧಿಕಾರ, ವಿಶೇಷ ಉದ್ದೇಶದ ಕಂಪನಿಗಳ ಮೂಲಕ ಮುಂಗಡಪತ್ರದ ಹೊರಗೆ ಸಾಲ ಎತ್ತುವ ಚಾಳಿ ಬೆಳೆದಿದೆ. ಮೆಟ್ರೊ, ರಸ್ತೆಗಳಿಂದ ಏರುವ ಭೂಮಿಯ ಬೆಲೆಯಲ್ಲಿ ಒಂದು ಪಾಲನ್ನು ಸರ್ಕಾರ ಹಿಂಪಡೆಯಬೇಕೆಂಬ ನೀತಿಯನ್ನು ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2017ರಲ್ಲಿ ಮುಂದಿಟ್ಟಿತು, ಸುಧಾರಣಾ ಶುಲ್ಕವಂತೂ ನಮಗೆ ಹಳೆಯದೇ. ಆಲೆನ್‌ಟೌನ್ ಮಾದರಿಯನ್ನು ಇದಕ್ಕೆ ಹೋಲಿಸುವವರಿದ್ದಾರೆ. ಹೋಲಿಕೆ ಸರಿಯಲ್ಲ. ಸುಧಾರಣಾ ಶುಲ್ಕದಲ್ಲಿ ಲಾಭ ಪಡೆದವನು ಸರ್ಕಾರಕ್ಕೆ ಕೊಡುತ್ತಾನೆ, ಅಲ್ಲಿ ಸರ್ಕಾರವೇ ಲಾಭ ಪಡೆದವನಿಗೆ ಕೊಡುತ್ತದೆ.

ಹಾಗಾದರೆ ಅರೀನಾ ಕಟ್ಟಲೇಬಾರದಿತ್ತೆ? ನನ್ನ ಅಭಿಪ್ರಾಯ ಅದಲ್ಲ. ನೂರು ಕೋಟಿ ಡಾಲರಿಗೂ ಮೀರಿದ ನಿರ್ಮಾಣ ಆ ವಲಯದಲ್ಲಿ ನಡೆದಿದೆ ಎಂಬುದು ಅದರ ಪರವಾಗಿರುವವರ ಲೆಕ್ಕ. ಹ್ಯಾಮಿಲ್ಟನ್ ಬೀದಿಯಲ್ಲಿ ರಾತ್ರಿ ಹತ್ತರ ಮೇಲೂ ಮಕ್ಕಳೊಂದಿಗೆ ನಡೆದುಹೋಗುವ ಜನರನ್ನು ನಾನೇ ಕಂಡೆ. ಕಂಗೆಟ್ಟ ನಗರವೊಂದಕ್ಕೆ ರಾಜ್ಯ ನೆರವಾಗುವುದು ಧರ್ಮವೇ. ಗ್ರಂಥಾಲಯ, ಉದ್ಯಾನ, ಕಲಾಮಂದಿರಗಳಿಗೆ ನಾವು ಲಾಭದ ಲೆಕ್ಕ ಕೇಳುತ್ತೇವೆಯೇ? ಅರೀನಾವನ್ನೂ ಹಾಗೆಯೇ, ಊರಿನ ಸಂತೋಷಕ್ಕೆ ಮಾಡಿದ ಖರ್ಚು ಎಂದು ನೇರವಾಗಿ ಹೇಳಬಹುದಿತ್ತು. ‘ಹೂಡಿಕೆ’ ಎಂದು ಹೆಸರಿಟ್ಟದ್ದರಿಂದ ಅದಕ್ಕೆ ಮಿತಿ ಹಾಕುವ ಅಗತ್ಯವೇ ಇಲ್ಲದಾಯಿತು. ಖರ್ಚಿಗೆ ಒಂದು ಗರಿಷ್ಠ ಮೊತ್ತವಿರುತ್ತದೆ, ಲಾಭ ತರುವ ಹೂಡಿಕೆಗೆ ಏಕೆ ಇರಬೇಕು? ಆಟದ ಅಂಗಳಕ್ಕೆಂದು ತೆರೆದ ಬಾಗಿಲಿನಿಂದ ಕಚೇರಿ ಗೋಪುರಗಳು, ಐಷಾರಾಮಿ ವಸತಿಗಳೂ ಒಳಬಂದದ್ದು ಹೀಗೆ.

ಒಹಾಯೊ ರಾಜ್ಯದ ಟೊಲೆಡೊ ನಗರ ಬೇರೆ ದಾರಿ ಹಿಡಿಯಿತು. ಲೂಕಸ್ ಕೌಂಟಿ ಆಡಳಿತ ಸುಮಾರು 10.5 ಕೋಟಿ ಡಾಲರ್ ವೆಚ್ಚದಲ್ಲಿ ಅಲ್ಲಿ ಅರೀನಾ ಕಟ್ಟಿ 2009ರಲ್ಲಿ ತೆರೆಯಿತು. ಹಣ ಸಾರ್ವಜನಿಕರದೇ. ಆದರೆ ಅಲ್ಲಿ ಆಡುವ ವಾಲೈ ಎಂಬ ಹಾಕಿ ತಂಡವೂ ಊರಿನದೇ: ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದನ್ನು ನಡೆಸುತ್ತದೆ. ಅದೇ ಊರಿನ ಬೇಸ್‌ಬಾಲ್ ತಂಡ ಮಡ್ ಹೆನ್ಸ್ 1965ರಿಂದ ಇದೇ ಬಗೆಯ ವ್ಯವಸ್ಥೆಯಲ್ಲಿದೆ. ಅರೀನಾ ತುಂಬಿದರೆ ಬಂದ ಹಣ ಊರಿನಲ್ಲೇ ಉಳಿಯುತ್ತದೆ. ಹೊಸ ಕಟ್ಟಡ ಕೊಡದಿದ್ದರೆ ಬೇರೆ ಊರಿಗೆ ಹೋಗುತ್ತೇವೆ ಎಂದು ಹೆದರಿಸುವ ಮಾಲೀಕನೂ ಅಲ್ಲಿಲ್ಲ.

ಆಲೆನ್‌ಟೌನ್‌ನಲ್ಲಿ ತಂಡದ ಒಡೆತನವನ್ನು ಈಗ ಬದಲಿಸಲಾಗದು, ಬಾಂಡು ಕೊಂಡವರಿಗೆ ಕೊಟ್ಟ ಮಾತನ್ನೂ ಮುರಿಯಲಾಗದು. ಆದರೆ ಎರಡು ಕೆಲಸ ಇಂದಿಗೂ ಸಾಧ್ಯ. ಹೊಸ ಕಟ್ಟಡಗಳನ್ನು ಈ ಸೌಲಭ್ಯಕ್ಕೆ ಸೇರಿಸುವುದನ್ನು ನಿಲ್ಲಿಸಿ, ಆರಂಭದ ಸಾಲಗಳು ತೀರಿದಂತೆಲ್ಲ ಆ ತೆರಿಗೆಯನ್ನು ಹ್ಯಾರಿಸ್‌ಬರ್ಗ್‌ಗೆ ಮರಳಿಸಬಹುದು. ಜೊತೆಗೆ, ಈ ವಲಯಕ್ಕಾಗಿ ರಾಜ್ಯ ಪ್ರತಿವರ್ಷ ಬಿಟ್ಟುಕೊಡುವ ಮೊತ್ತವನ್ನು ಮುಂಗಡಪತ್ರದಲ್ಲಿ ಶಾಲಾ ಅನುದಾನದ ಸಾಲಿನ ಪಕ್ಕದಲ್ಲೇ, ಖರ್ಚು ಎಂಬ ಶೀರ್ಷಿಕೆಯ ಕೆಳಗೆ ಅಚ್ಚು ಹಾಕಿ, ಸದಸ್ಯರಿಂದ ಮತ ಕೇಳಬಹುದು.